ಎರಡನೆಯ ಪ್ರಯಾಣಿಕರ ಇಷ್ಟಗಳು

“ನಿಮ್ಮವರಿಗೆ ದಿಂಬು ಎತ್ತರ ಇರ್ಬೇಕಾ, ತಗ್ಗಾಗಿರ್ಬೇಕಾ?”

ಇಷ್ಟು ಸುಲಭದ ಪ್ರಶ್ನೆಗೆ ಆ ಮನುಷ್ಯ ಮೊದಲು ಚಾವಣಿ ನೋಡಿದ. ಆಮೇಲೆ ಮೇಜು ನೋಡಿದ. ಬೇರೆ ದಾರಿ ಕಾಣದೆ ಕೊನೆಗೆ ಅವಳ ಮುಖ ನೋಡಿದ.

“ಗೊತ್ತಿಲ್ಲ ಮೇಡಂ.”

“ಬೆಳಗ್ಗೆ ಟೀನಾ, ಕಾಫಿನಾ?”

“ಅದೂ ಗೊತ್ತಿಲ್ಲ.”

“ಹೋಗ್ಲಿ, ಚಳಿ ತಡೀತಾರಾ?”

“ನಾನು ನೋಡಿರೋದೇ ಎರಡು ಸಲ. ಎರಡು ಸಲಾನೂ ಬೇಸಿಗೆ.”

ಅವಳಿಗೆ ನಗು ಬಂತು. ಗಿರಾಕಿಯ ಮುಂದೆ ನಗಬಾರದೆಂದು ಪೆನ್ಸಿಲ್ ಕಚ್ಚಿಕೊಂಡಳು. ಅವನು ಆ ಪೆನ್ಸಿಲನ್ನೇ ನೋಡುತ್ತಾ ಕುಳಿತ.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಟ್ರಾವೆಲ್ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಭೂಪಟ ಎಂದು. ಯಾವ ವಿಮಾನ ಎಲ್ಲಿ ಇಳಿಯುತ್ತದೆ, ಇಳಿದಮೇಲೆ ಎಡಕ್ಕೆ ಹೋಗಬೇಕೋ ಬಲಕ್ಕೋ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಸ್ವಂತಕ್ಕೆ ಮಾತ್ರ ಒಂದು ರಾತ್ರಿಯ ಬಸ್ ಪ್ರಯಾಣಕ್ಕಿಂತ ದೂರ ಹೋದವಳಲ್ಲ. ಹೊಸದಾಗಿ ಮದುವೆಯಾಗುವವರು ಬಂದರೆ ಇಪ್ಪತ್ತೇಳು ಪ್ರಶ್ನೆಗಳ ಒಂದು ಫಾರಂ ತುಂಬಿಸಬೇಕೆಂಬುದು ಯಜಮಾನರ ಕಟ್ಟಪ್ಪಣೆ. ಒಮ್ಮೆ ಯಾರೋ ಹನಿಮೂನಿನಿಂದ ಜಗಳವಾಡಿಕೊಂಡೇ ವಾಪಸ್ ಬಂದು, ತಪ್ಪೆಲ್ಲ ಆಫೀಸಿನದೆಂದು ಕೂಗಾಡಿದ್ದರಂತೆ. ಅಂದಿನಿಂದ ದಿಂಬಿನ ಎತ್ತರವೂ ಅವರ ಜವಾಬ್ದಾರಿಯೇ ಆಗಿತ್ತು.

ಬಂದವನು ಲಿಫ್ಟ್ ರಿಪೇರಿ ಮಾಡುವವನು. ಇನ್ನು ಮೂರು ತಿಂಗಳಿಗೆ ಮದುವೆ. ಹುಡುಗಿ ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರು. ಅವನ ಅಕ್ಕ ನೋಡಿ, ಮೆಚ್ಚಿ, ಗಟ್ಟಿ ಮಾಡಿದ ಸಂಬಂಧ. ಬಂಡೆ ಕೊರೆದು ಮಾಡಿದ ಗುಹೆಯ ಹೋಟೆಲಿನಲ್ಲಿ ಐದು ದಿನ ಇರಬೇಕು, ಒಂದು ಬೆಳಗ್ಗೆ ಸೂರ್ಯ ಹುಟ್ಟುವಾಗ ಬಿಸಿಗಾಳಿಯ ಬಲೂನಿನಲ್ಲಿ ಕಣಿವೆಯ ಮೇಲೆ ಹಾರಬೇಕು ಎಂಬುದು ಅವನ ಆಸೆ. ಹುಡುಗಿಗೆ ಇದು ಸರ್ಪ್ರೈಸ್ ಆದ್ದರಿಂದ ಅವಳನ್ನು ಏನನ್ನೂ ಕೇಳುವ ಹಾಗಿಲ್ಲ.

“ಹಾಗಾದ್ರೆ ಎರಡನೆಯ ಪ್ರಯಾಣಿಕರ ಕಾಲಂ ಖಾಲಿ ಬಿಡ್ಲಾ?”

“ಖಾಲಿ ಬಿಟ್ರೆ ನಿಮ್ಮ ಯಜಮಾನರು ಬಯ್ಯಲ್ವಾ?”

“ಬಯ್ತಾರೆ.”

“ನಿಮಗಾದ್ರೆ ಏನಿಷ್ಟ? ಅದನ್ನೇ ಬರೀರಿ. ಹೆಂಗಸರಿಗೆ ಒಂದೇ ಥರ ಇರತ್ತಲ್ವಾ?”

“ಇರಲ್ಲ ರೀ,” ಎಂದಳು. ಎಂದವಳು ತಗ್ಗು ದಿಂಬು, ಸಕ್ಕರೆ ಇಲ್ಲದ ಟೀ ಎಂದು ಬರೆದಳು. ಆಮೇಲೆ ಸರಿ ಮಾಡಿದರಾಯಿತೆಂದು ಪೆನ್ಸಿಲಿನಲ್ಲೇ ಬರೆದಳು.

ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಾಗಿದ್ದ ಆ ಫಾರಂ ಹತ್ತು ಶನಿವಾರಗಳನ್ನು ನುಂಗಿತು. ವಾರಕ್ಕೆ ಮೂರೇ ಪ್ರಶ್ನೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಎಲ್ಲೋ ಲಿಫ್ಟ್ ನಿಂತಿದೆಯೆಂದು ಫೋನ್ ಬರುತ್ತಿತ್ತು, ಇಲ್ಲವೇ ಅವಳಿಗೆ ಗುಹೆಯ ಇನ್ನೊಂದು ಫೋಟೋ ತೋರಿಸುವ ನೆನಪಾಗುತ್ತಿತ್ತು. ಇಬ್ಬರಲ್ಲಿ ಯಾರಿಗೂ ಅವಸರವಿರಲಿಲ್ಲ. ಶುಕ್ರವಾರವೇ ತಲೆಗೆ ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡವಳಿಗೆ ಅದು ಯಾಕೆಂದು ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಡಿ.

“ಗುಹೆ ರೂಮಲ್ಲಿ ಕಿಟಕಿ ಒಂದೇ ಇರತ್ತೆ,” ಎಂದು ಒಂದು ಶನಿವಾರ ಎಚ್ಚರಿಸಿದಳು. “ಬಾಗಿಲು ಮುಚ್ಚಿದ್ರೆ ಕತ್ತಲೆ. ನಾನಂತೂ ಬಾಗಿಲು ಅರ್ಧ ತೆಗೆದೇ ಮಲಗೋಳು.”

“ಹೆದರಿಕೆನಾ?”

“ಹೂಂ. ನಗ್ಬೇಡಿ.”

“ನಗ್ತಿಲ್ಲ. ನಾನು ಇಡೀ ದಿನ ಲಿಫ್ಟಿನ ಕತ್ತಲೆ ಬಾವಿಯೊಳಗೇ ಇರೋನು. ಬಾಗಿಲು ಅರ್ಧ ತೆಗೆದಿದ್ರೆ ನಂಗೂ ಜೀವ ಬಂದ ಹಾಗಾಗತ್ತೆ. ಬರ್ಕೊಳಿ, ಬಾಗಿಲ ಮುಂದೆ ಗೋಡೆ ಕಟ್ಟಿದ ಅಂಗಳ ಇರೋ ರೂಮೇ ಬೇಕು.”

ಬರೆದುಕೊಂಡಳು. ಬರೆಯುವಾಗ ಅವನ ದೃಷ್ಟಿ ತನ್ನ ಕೈಬೆರಳುಗಳ ಮೇಲೆ ನಿಂತಿದೆಯೆಂದು ತಲೆ ಎತ್ತದೆಯೇ ತಿಳಿಯಿತು. ಅಕ್ಷರ ಸೊಟ್ಟಗಾದವು.

ಬಲೂನಿನ ಬುಟ್ಟಿಗೆ ಬಾಗಿಲೇ ಇರುವುದಿಲ್ಲ, ಪಕ್ಕದಲ್ಲಿರುವ ತೂತುಗಳಿಗೆ ಕಾಲಿಟ್ಟು ಹತ್ತಿ ಒಳಗಿಳಿಯಬೇಕು ಎಂದು ವಿವರಿಸಿದ ದಿನ ಅವನು ಕೇಳಿದ, “ಹೀಲ್ಸ್ ಹಾಕ್ಕೊಂಡು ಹತ್ತೋಕಾಗತ್ತಾ?”

“ನಾನು ಹೀಲ್ಸ್ ಹಾಕಲ್ವಲ್ಲ.”

ಮಾತು ಬಾಯಿಂದ ಜಾರಿದ ಮೇಲೆ ಅದು ಎಲ್ಲಿ ಬಿತ್ತೆಂದು ಇಬ್ಬರಿಗೂ ಗೊತ್ತಾಯಿತು. ಅವಳ ಕಿವಿಯವರೆಗೂ ಬಿಸಿಯೇರಿತು. ಅವನು ಮೆಲ್ಲಗೆ, “ಅದೂ ಒಳ್ಳೇದೇ,” ಎಂದ. ಆ ವಾರ ಎರಡೇ ಪ್ರಶ್ನೆ ಮುಗಿದವು.

ಹೀಗೆ ಫಾರಂ ತುಂಬುತ್ತಾ ಹೋದಂತೆ ಅವಳ ಸಂಕಟವೂ ಹೆಚ್ಚಿತು. ಇಪ್ಪತ್ತೇಳನೆಯ ಪ್ರಶ್ನೆ ಮುಗಿದ ದಿನ ಈ ಮನುಷ್ಯ ಮೆಟ್ಟಿಲಿಳಿದು ಹೋಗುತ್ತಾನೆ. ಮತ್ತೆ ಬರಲು ಅವನಿಗೆ ನೆಪವಿಲ್ಲ, ಕರೆಯಲು ಅವಳಿಗೆ ಹಕ್ಕಿಲ್ಲ. ತಡೆಯಬೇಕೆಂದರೆ ಬಾಯಿ ಬಿಡಬೇಕು. ಬೇರೆಯವಳ ಗಂಡನಾಗುವವನ ಮುಂದೆ ಯಾವ ಮುಖ ಹೊತ್ತು ಬಾಯಿ ಬಿಡುವುದು?

ಹತ್ತನೆಯ ಶನಿವಾರ ಕಳೆದು ಮೂರು ದಿನವಾಗಿತ್ತು. ತೆಳ್ಳನೆಯ ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ನಗುನಗುತ್ತಾ ಅವಳ ಮುಂದೆ ಕುಳಿತಳು.

“ಭೂಪಟ ಅಂದ್ರೆ ನೀವೇನಾ ಅಕ್ಕಾ? ನಾನು ಹಲ್ಲಿನ ಡಾಕ್ಟರು. ನನ್ನ ತೂಕ ಬೇಕಂತಲ್ಲ.”

ಭೂಪಟ ತೂಕದ ಯಂತ್ರವನ್ನು ಮುಂದಕ್ಕೆ ಎಳೆದಳು. ಬುಟ್ಟಿಯ ಎರಡೂ ಕಡೆ ಸಮತೂಕ ಇರಬೇಕಾದ್ದರಿಂದ ಬಲೂನಿನವರು ಪ್ರತಿಯೊಬ್ಬರ ತೂಕ ಕೇಳುತ್ತಾರೆ. ಜನ ಸುಳ್ಳು ಹೇಳುತ್ತಾರೆಂದು ಆಫೀಸಿನಲ್ಲೇ ತೂಗಿ ಬರೆಯುವುದು ಪದ್ಧತಿ. ಅದಕ್ಕಾಗಿ ಭೂಪಟ ಅವನ ಮನೆಗೆ ಫೋನ್ ಮಾಡಿದಾಗ ಅವನ ಅಕ್ಕ ಎತ್ತಿಕೊಂಡಿದ್ದರು. ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲದೆ ಸರ್ಪ್ರೈಸ್ ಎಲ್ಲಾ ಬಯಲಾಗಿತ್ತು.

ಹುಡುಗಿ ತೂಕದ ಯಂತ್ರದ ಮೇಲೆ ನಿಂತಳು. ಭೂಪಟ ಬಗ್ಗಿ ಐವತ್ತೊಂದು ಎಂದು ಓದಿದಳು. ತಲೆ ಎತ್ತುವಷ್ಟರಲ್ಲಿ ಹುಡುಗಿ ಮೇಜಿನ ಮೇಲಿದ್ದ ಫಾರಂ ತಿರುಗಿಸಿಕೊಂಡು ಓದತೊಡಗಿದ್ದಳು.

“ಸಕ್ಕರೆ ಇಲ್ಲದ ಟೀ? ನಾನು ಟೀನೇ ಕುಡಿಯಲ್ಲ. ತಗ್ಗು ದಿಂಬು, ಬಾಗಿಲು ಅರ್ಧ ತೆಗೆದಿರ್ಬೇಕು...” ಅವಳ ದನಿ ನಿಧಾನವಾಯಿತು. “ಬಲೂನ್ ಅಂದ್ರೆ ಆಟದ ಥರ ಏನೋ ಅಂದ್ಕೊಂಡಿದ್ದೆ. ಆಕಾಶಕ್ಕೇ ಹೋಗ್ಬೇಕಾ? ನಂಗೆ ಎರಡನೇ ಮಹಡಿ ಬಾಲ್ಕನೀಲಿ ನಿಂತ್ರೇ ತಲೆ ತಿರುಗತ್ತೆ.”

ಆಮೇಲೆ ಕಾಗದ ಕೆಳಗಿಟ್ಟು, ಹಲ್ಲು ನೋವಿನವರನ್ನು ನೋಡುವ ಹಾಗೆ ಮೃದುವಾಗಿ ನೋಡಿದಳು.

“ಅಕ್ಕಾ, ಇದೆಲ್ಲ ಇಷ್ಟ ಪಡೋರು ಯಾರೋ ಇದಾರೆ. ಒಂದೇ ಸಲ ಕೇಳ್ತೀನಿ. ನಾನು ತಿಳ್ಕೋಬೇಕಾದ್ದು ಏನಾದ್ರೂ ಇದ್ರೆ ಇವತ್ತೇ ಹೇಳಿ. ನಾನು ಬಯ್ಯಲ್ಲ, ಅಳಲ್ಲ. ಮದುವೆ ನಿಲ್ಲಿಸೋಕೆ ಇನ್ನೂ ಟೈಮಿದೆ.”

ನಿಜ ಹೇಳಲು ಬಾಗಿಲು ತಾನಾಗಿ ತೆರೆದಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ ಅಕ್ಕಾ ಎಂದವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುವುದನ್ನು ಭೂಪಟ ಕಂಡಳು.

“ಏನಿಲ್ಲಮ್ಮ. ಸರಿಯಾದ ಉತ್ತರ ಬರೋವರೆಗೂ ನಾವು ಹೀಗೇ ಏನೋ ಒಂದು ತುಂಬಿರ್ತೀವಿ.”

ಹುಡುಗಿ ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. “ಅಬ್ಬಾ, ಜೀವಾನೇ ಹೋಗಿತ್ತು. ನಂಗೆ ಅವ್ರು ತುಂಬಾ ಇಷ್ಟ ಆಗಿಬಿಟ್ಟಿದಾರೆ, ಅದಕ್ಕೇ.”

ಹತ್ತು ಶನಿವಾರ ಹಿಡಿದ ಉತ್ತರಗಳನ್ನು ಆ ಹುಡುಗಿ ಕಾಲು ಗಂಟೆಯಲ್ಲಿ ಹೇಳಿ ಮುಗಿಸಿದಳು. ಭೂಪಟ ರಬ್ಬರಿನಿಂದ ತನ್ನನ್ನು ಒಂದೊಂದೇ ಸಾಲಾಗಿ ಅಳಿಸಿ, ಅವಳು ಹೇಳಿದ್ದನ್ನು ಪೆನ್ನಿನಲ್ಲಿ ಬರೆದಳು. ಬಲೂನು ಹೋಯಿತು, ಗುಹೆಯೂ ಹೋಯಿತು. ಕೆರೆಯ ದಂಡೆಯ ಹೋಟೆಲಿನಲ್ಲಿ ನೆಲಮಹಡಿಯ ಕೋಣೆ ಬಂತು.

ಶನಿವಾರ ಅವನು ಬಂದ. ಫಾರಂ ಓದಿದ. ಮತ್ತೊಮ್ಮೆ ಮೊದಲಿಂದ ಓದಿದ.

“ನೀವು ಎಲ್ಲೂ ಇಲ್ವಲ್ಲ ಇದ್ರಲ್ಲಿ,” ಎಂದ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ಡಾಕ್ಟರು ಫೋನ್ ಮಾಡಿದ್ರು. ಏನಾದ್ರೂ ಇದೆಯಾ ಅಂತ ನನ್ನನ್ನೂ ಕೇಳಿದ್ರು. ಏನಿಲ್ಲ ಅಂದೆ.”

“ಯಾಕೆ ಹಾಗಂದ್ರಿ?” ದನಿ ತನ್ನದಲ್ಲವೇನೋ ಎಂಬಂತೆ ಬಂತು.

“ನಿಮ್ಮನ್ನ ಕೇಳಿದ್ರಂತಲ್ಲ. ನೀವು ಏನಿಲ್ಲ ಅಂದ್ರಂತೆ. ನೀವೇ ಇಲ್ಲ ಅಂದ್ಮೇಲೆ ನಾನು ಇದೆ ಅಂತ ಯಾವ ಧೈರ್ಯದ ಮೇಲೆ ಹೇಳ್ಲಿ?”

ಅವಳ ಕಣ್ಣು ತುಂಬಿಬಂದವು. ತಡೆಯಲು ನೋಡಿದಳು, ಆಗಲಿಲ್ಲ.

“ಇದೆ,” ಎಂದಳು. “ಮೊದಲಿಂದಾನೂ ಇತ್ತು. ಸುಳ್ಳು ಹೇಳ್ದೆ.”

“ನಾನೂ ಸುಳ್ಳೇ ಹೇಳಿದ್ದು.” ಅವನು ಮೇಜಿನ ಮೇಲೆ ಕೈ ಮುಂದೆ ತಂದು, ಅವಳ ಕೈಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿದ. “ಈಗ್ಲಾದ್ರೂ ಹೇಳಿಬಿಡ್ಲಾ? ನೀವು ಹೂಂ ಅನ್ನಿ, ಸಾಕು. ಇವತ್ತೇ ಹೋಗಿ ಹೇಳ್ತೀನಿ.”

ಹೂಂ ಎನ್ನಲು ಅವಳ ಇಡೀ ಮೈ ಒದ್ದಾಡಿತು. “ಅವ್ರು ದಿನಾ ಮಾತಾಡ್ತಾರಾ ನಿಮ್ಹತ್ರ?” ಎಂದು ಕೇಳಿದಳು.

“ಇಲ್ಲಿಗೆ ಬಂದು ಹೋದಾಗಿಂದ ದಿನಾ. ಮೊದಲು ಭಾನುವಾರ ಮಾತ್ರ ಫೋನ್ ಮಾಡ್ತಿದ್ರು. ಈಗ ಏನೇನೋ ಹೇಳ್ಕೊಂಡು ನಗ್ತಾನೇ ಇರ್ತಾರೆ.”

“ನನ್ನ ಮಾತು ನಂಬಿ ನಗ್ತಿದಾಳೆ. ನನ್ನನ್ನ ಅಕ್ಕಾ ಅಂದಳು ರೀ. ಕೇಳ್ದಾಗಲೇ ಹೇಳಿದ್ರೆ ಒಂದು ನೋವು ತಡ್ಕೋತಿದ್ದಳು. ಈಗ ಹೇಳಿದ್ರೆ, ಇಬ್ಬರೂ ಸೇರಿ ಮೋಸ ಮಾಡಿದ್ರು ಅನ್ನೋದನ್ನೂ ತಡ್ಕೋಬೇಕು. ಅದು ನನ್ನ ಕೈಲಾಗಲ್ಲ.”

“ಮತ್ತೆ ನಾನು?”

ಅವಳು ಫಾರಂ ಅವನ ಕಡೆ ತಳ್ಳಿ, ಸಹಿ ಮಾಡಬೇಕಾದ ಜಾಗದ ಮೇಲೆ ಬೆರಳಿಟ್ಟಳು. ಅವನು ಆ ಬೆರಳಿನ ಪಕ್ಕದಲ್ಲೇ ಸಹಿ ಮಾಡಿದ.

ಎದ್ದವನು ಬಾಗಿಲ ತನಕ ಹೋಗಿ ನಿಂತ. “ನಿಜ ಹೇಳಿ. ಆ ಬಲೂನು ನೀವು ಹತ್ತುತ್ತಿದ್ರಾ?”

“ನಿಮ್ಮ ಜೊತೆಯಾಗಿದ್ರೆ ಕಣ್ಮುಚ್ಚಿ ಹತ್ತುತ್ತಿದ್ದೆ.”

“ಕಣ್ಣು ಮುಚ್ಚಿದ್ರೆ ಏನು ಕಾಣತ್ತೆ ಮೇಡಂ?” ನಗಿಸಲು ನೋಡಿದ. ತಾನೂ ನಗದೆ ಬಾಗಿಲು ದಾಟಿದ. ಮೆಟ್ಟಿಲಿಳಿಯುವ ಸದ್ದು ಕೆಳಗಿನ ಅಂಗಡಿಯವರೆಗೂ ಕೇಳಿ, ಆಮೇಲೆ ಬೀದಿಯ ಗದ್ದಲದಲ್ಲಿ ಸೇರಿಹೋಯಿತು.

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಎರಡನೆಯ ಪ್ರಯಾಣಿಕರ ಜಾಗದಲ್ಲಿ ಹಲ್ಲಿನ ಡಾಕ್ಟರ ಹೆಸರನ್ನು ಒಂದಕ್ಷರವೂ ತಪ್ಪದಂತೆ ಟೈಪ್ ಮಾಡಿ, ಎರಡು ಸಲ ಓದಿ ನೋಡಿ, ತನ್ನ ಕೈಯಾರೆ ಬುಕಿಂಗ್ ಕಳುಹಿಸಿಬಿಟ್ಟಳು.