ಸಿರಾಜುದ್ದೀನ ಮಾಸ್ತರರ ಟರ್ಕಿ ಕವಿತೆಗಳು

"ನನ್ನ ಪುಸ್ತಕ ಕದ್ದಾರ್ರಿ, ದುರಗವ್ವ!" ಎಂದು ಸವಣೂರಿನ ಸಿರಾಜುದ್ದೀನ ಮಾಸ್ತರರು ಫೋನಿನಲ್ಲಿ ಅತ್ತುಬಿಟ್ಟರು. ಹಾನಗಲ್ಲಿನ ನಿವೃತ್ತ ಹವಾಲ್ದಾರ್ ದುರಗವ್ವ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಅಕ್ಕನ ಬೆನ್ನು ಬಿಡದ ತಮ್ಮ ಮಂಜಪ್ಪ ಬೈಕು ತೆಗೆದ. ಅಕ್ಕ ಕೈಹಾಕಿದ ಕೇಸು ಬಗೆಹರಿಯದೆ ಉಳಿದದ್ದನ್ನು ಅವನು ಕಂಡಿರಲಿಲ್ಲ. ಬಗೆಹರಿದ ಮೇಲೆ ಯಾರಾದರೂ ನಕ್ಕದ್ದನ್ನೂ ಕಂಡಿರಲಿಲ್ಲ.

ಮಾಸ್ತರರು ಟರ್ಕಿಯ ಕವಿಯೊಬ್ಬನನ್ನು ಇಂಗ್ಲಿಷಿಗೆ ತರುವುದರಲ್ಲೇ ಮುದುಕರಾದವರು. ಕಣ್ಣು ಹೋದ ಮೇಲೆ ಬಾಯಿಪಾಠವಿದ್ದ ಕವಿತೆಗಳನ್ನು ಅವರು ಇಂಗ್ಲಿಷಿನಲ್ಲಿ ಹೇಳುವರು, ಮಗಳು ಸುಮೇರಾ ಬರೆದುಕೊಳ್ಳುವಳು. ದಿಲ್ಲಿಯ ಪ್ರಕಾಶಕರೊಬ್ಬರು ಕಳಿಸಿಕೊಡಿ ಎಂದಿದ್ದರು. ಸಾಯುವುದರೊಳಗೆ ಪುಸ್ತಕ ಕೈಯಲ್ಲಿ ಹಿಡಿಯಬೇಕೆಂಬುದೊಂದೇ ಅವರ ಆಸೆ.

ಅಕ್ಕ ತಮ್ಮ ಸವಣೂರು ಮುಟ್ಟಿದಾಗ, ಬರೆದ ಹಾಳೆಗಳನ್ನಿಟ್ಟಿದ್ದ ಟ್ರಂಕಿನ ಕೀಲಿ ಎಂದಿನಂತೆ ಗೋಡೆಯ ಗೂಟದಲ್ಲಿತ್ತು. ಹುಳ ಬೀಳದಿರಲೆಂದು ಹಾಳೆಗಳ ನಡುವೆ ಇಟ್ಟಿದ್ದ ಬೇವಿನೆಲೆಗಳಷ್ಟೇ ತಳದಲ್ಲಿ ಉಳಿದಿದ್ದವು. ಗರಿಗರಿ ಒಣಗಿದ್ದರೂ ಒಂದೂ ಮುರಿದಿರಲಿಲ್ಲ.

"ನಿಯಾಜನ್ನ ಹಿಡೀರಿ," ಎಂದರು ಮಾಸ್ತರರು. ಅವರ ತಮ್ಮನ ಮಗ ನಿಯಾಜ ಅದೇ ಮನೆಯಲ್ಲಿದ್ದು, ಟ್ರಂಕಿದ್ದ ಕೋಣೆಯಲ್ಲಿ ಮೊಬೈಲ್ ಅಂಗಡಿ ಹಾಕಲು ಕಾದು ಕೂತಿದ್ದ. "ರದ್ದಿಗೆ ಹಾಕ್ರಿ ಅಂತಿದ್ದ!"

ದುರಗವ್ವ ಬೇರೆಯದನ್ನೇ ಕೇಳಿದಳು. "ಆ ಕವಿತಿಯೊಳಗ ಏನೈತ್ರಿ?"

"ಕೆರಿ ದಂಡ್ಯಾಗ ಮುದುಕೊಬ್ಬ ಸತ್ತ ಹೆಂಡ್ತಿನ್ನ ಕರೀತಾನ್ರಿ."

ಅಡುಗೆಮನೆಯಲ್ಲಿ ಸುಮೇರಾಳಿಗೂ ಅದೇ ಪ್ರಶ್ನೆ. "ಹಡಗ ಹತ್ತಿ ಹೊಂಟ ಹುಡುಗ, ಬಂದರದ ಹಮಾಲರು," ಎಂದವಳು ಮಾತು ಅರ್ಧಕ್ಕೇ ತುಂಡರಿಸಿ ಒಲೆಯ ಕಡೆ ತಿರುಗಿದಳು.

ಸಂಜೆ ದುರಗವ್ವ ಎಲ್ಲರನ್ನೂ ಕೂಡಿಸಿದಳು.

"ನಿಯಾಜ ಆಗಿದ್ರ ಟ್ರಂಕ ಸಮೇತ ಒಗೀತಿದ್ದ. ಅವಸರದಾಗ ಗಂಟು ಎಳದ್ರ ಎಲಿ ಪುಡಿ ಆಗ್ತಿದ್ವು. ಇಲ್ಲಿ ಒಂದೊಂದ ಹಾಳಿ ಸಾವಕಾಶ ತೆಗದು ಓದ್ಯಾರ. ಮಾಸ್ತರ್ರು ಹೇಳೋ ಕವಿತಿ ಬ್ಯಾರೆ, ಮಗಳು ಹೇಳೋದು ಬ್ಯಾರೆ. ಬರೇ ಅವರು ಹೇಳಿದ್ದು ಬರಕೊಂಡಾಕಿಗೆ ಆ ಹಡಗಿನ ಸಂಗ್ತಿ ಹೆಂಗ ಗೊತ್ತಾತು? ಆಕಿ ಟರ್ಕಿ ಕಲತಾಳ. ಕವಿಯ ಮೂಲ ಪುಸ್ತಕದ ಜೋಡಿ ಹಚ್ಚಿ ನೋಡ್ಯಾಳ. ಹೌದಲ್ಲ, ಸುಮೇರಾ?"

ಸುಮೇರಾ ಅಳುತ್ತಲೇ ಒಪ್ಪಿಕೊಂಡಳು. "ಅಮ್ಮಿ ತೀರಿಕೊಂಡ ಮ್ಯಾಲೆ ಅಬ್ಬಾ ಹೇಳಿದ್ದೆಲ್ಲಾ ತಮ್ಮ ದುಃಖಾನ ರಿ, ಕವಿದಲ್ಲ. ದಿಲ್ಲಿಯವರು ನಗ್ತಾರಂತ ಒಲಿಗೆ ಹಾಕಿದೆ. ಕಳವಾತು ಅಂದ್ರ ಮಂದಿ ಕಳ್ಳನ್ನ ಬೈತಾರ, ಅಬ್ಬಾನ್ನ ಅಲ್ಲ."

ಅಕ್ಕ ಇದೊಂದು ಸಲ ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಂಜಪ್ಪನಿಗೆ ಅನ್ನಿಸಿತು.

ಮಾಸ್ತರರು ಮಗಳಿದ್ದ ಕಡೆ ಮುಖ ತಿರುಗಿಸಿದರು. "ಆ ಕವಿದು ಒಂದ ಸಾಲರ ಇತ್ತೇನು, ಬೇಟಿ?"

ಸುಮೇರಾ ಇಲ್ಲವೆಂದು ತಲೆಯಾಡಿಸಿದಳು. ಕಣ್ಣಿಲ್ಲದ ಮಾಸ್ತರರು ಉತ್ತರಕ್ಕೆ ಕಾಯುತ್ತಲೇ ಇದ್ದರು. ಕೊನೆಗೆ ಅವಳು ಬಾಯಿಬಿಟ್ಟು ಹೇಳಲೇಬೇಕಾಯಿತು.

"ಇಲ್ರಿ, ಅಬ್ಬಾ."