ಮುಚ್ಚಳಿಕೆಯ ಹಿಂಬದಿ

“ಇದು ಯಾರ ಸಹಿ? ನಿಂದೇ ತಾನೆ?” ಅತ್ತೆ ಕಾಗದವನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟು ಕೇಳಿದರು. ಸೊಸೆ ಬೆಳಗಿನಿಂದ ಒಂದು ಹೊಲಿಗೆಯನ್ನೂ ಹಾಕದೆ ಸುಮ್ಮನೆ ಕುಳಿತಿದ್ದಳು.

ಕಾಗದ ಆಸ್ಪತ್ರೆಯದು. ಏಳು ದಿನ ಬದುಕಿದ್ದ ಮಗು ಹೋದ ಮೇಲೆ ಸೊಸೆ ತನ್ನ ಜೀವ ಕಳೆದುಕೊಳ್ಳಲು ಹೊರಟು, ಹೇಗೋ ಉಳಿದುಕೊಂಡಿದ್ದಳು. ಮನೆಗೆ ಕಳಿಸುವ ದಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಹೀಗೆ ಮಾಡುವುದಿಲ್ಲವೆಂದು ಅವಳಿಂದ ಬರೆಸಿಕೊಂಡರು. ಆ ಒಕ್ಕಣೆ ಅತ್ತೆಗೆ ಸಾಲಲಿಲ್ಲ. ಮೂವತ್ತು ವರ್ಷ ಶಾಲೆಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ತಡವಾಗಿ ಬಂದವರಿಂದ, ಕಿಟಕಿ ಒಡೆದವರಿಂದ ಮುಚ್ಚಳಿಕೆ ಬರೆಸಿಕೊಂಡ ಕೈ ಅದು! “ಯಾವುದೇ ಕಾರಣಕ್ಕೂ” ಎಂದು ತಾವೇ ಸೇರಿಸಿ, ಒಂದು ನಕಲು ತಂದು ಬೀರುವಿನಲ್ಲಿಟ್ಟರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ತಿಂಗಳಿಗೊಮ್ಮೆ ಡಾಕ್ಟರು “ಊಟ? ನಿದ್ದೆ? ಕೆಟ್ಟ ಯೋಚನೆ?” ಎನ್ನುವರು. ಸೊಸೆ “ಹ್ಞೂಂ, ಹ್ಞೂಂ, ಇಲ್ಲ” ಎನ್ನುವಳು. ಹೊರಗೆ ಗಂಡ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುವನು. ಕಾಗದವಂತೂ ಬೀರುವಿನಲ್ಲಿ ಭದ್ರವಾಗಿತ್ತು.

“ನಂದೇ ಅತ್ತೆ...” ಸೊಸೆ ತಲೆ ಎತ್ತಲಿಲ್ಲ. “ಅದಕ್ಕೇ ಬಾಯಿ ಬಿಡ್ಲಿಲ್ಲ. ಮತ್ತೆ ಅದೇ ಯೋಚನೆ ಬರ್ತಿದೆ... ಹೇಳಿದ್ರೆ ಕೊಟ್ಟ ಮಾತಿಗೆ ತಪ್ಪಿದ ಹಾಗಾಗುತ್ತೆ ಅಂತ...”

ಅತ್ತೆಯ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಸ್ಟೂಲು ಎಳೆದುಕೊಂಡು ಕುಳಿತರು. ಕಾಗದ ಮಗುಚಿ ಪೆನ್ನು ತೆಗೆದರು. ಬೇರೇನು ಮಾಡಬೇಕೋ ಆಕೆಗೂ ಗೊತ್ತಿರಲಿಲ್ಲ, ಪಾಪ.

“ಹೇಳು, ಬರ್ಕೊತೀನಿ. ಈಗ್ಲೇ ಹೋಗಿ ಡಾಕ್ಟ್ರಿಗೆ ಓದಿ ಹೇಳೋಣ.”

“ನಿಮಗೆ ಬೇಜಾರಾಗುತ್ತೆ.”

“ಆಗ್ಲಿ.”

“ಮಗು ಬಟ್ಟೆ... ನಾನೇ ಹೊಲಿದಿದ್ದು. ನನ್ನನ್ನ ಒಂದು ಮಾತು ಕೇಳ್ದೆ ಯಾರಿಗೋ ಕೊಟ್ಬಿಟ್ರಿ. ಮೂಸಿ ನೋಡೋಕೂ ಒಂದು ಉಳೀಲಿಲ್ಲ ಅತ್ತೆ!”

ಪೆನ್ನು ನಿಂತಿತು. ಅವಳು ಬೇಗ ಮರೆಯಲಿ ಎಂದೇ ಕೊಟ್ಟಿದ್ದರು... ಆ ಮಾತನ್ನು ನುಂಗಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದರು. ಪುಟ ತುಂಬುವವರೆಗೂ ಬರೆದರು. ಆಮೇಲೆ ಅವಳ ಕೈ ಹಿಡಿದೇ ಬಸ್ಸು ಹತ್ತಿಸಿದರು.

ಡಾಕ್ಟರು ಎಂದಿನಂತೆ “ಊಟ? ನಿದ್ದೆ?” ಎಂದು ಶುರುಮಾಡಿದರು.

“ಸ್ವಲ್ಪ ತಡೀರಿ ಡಾಕ್ಟ್ರೇ.” ಅತ್ತೆ ಕನ್ನಡಕ ಏರಿಸಿ ಓದತೊಡಗಿದರು. ಮೊದಲ ಸಾಲಿನಲ್ಲೇ ತಾವಿದ್ದರು. ಆದರೂ ಒಂದಕ್ಷರ ಬಿಡಲಿಲ್ಲ. ಡಾಕ್ಟರು ಬರೆಯುವುದು ನಿಲ್ಲಿಸಿ, ಕುರ್ಚಿಯನ್ನು ಸೊಸೆಯ ಕಡೆಗೆ ತಿರುಗಿಸಿಕೊಂಡರು.

ಓದಿ ಮುಗಿದಾಗ ಸೊಸೆ ಅಭ್ಯಾಸಬಲದಿಂದ ಪೆನ್ನಿಗೆ ಕೈಚಾಚಿದಳು.

“ನಿಂದು ಬೇಡ ಮಗಳೇ,” ಎಂದು ಅತ್ತೆ ಕೆಳಗೆ ತಮ್ಮ ಸಹಿ ಹಾಕಿದರು.