ಶೆಡ್ಡಿನಿಂದ ಕಾಣೆಯಾದ ನಕ್ಷೆಗಳು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಠಾಣೆಗೆ ಬಂದ ಕಂಟ್ರಾಕ್ಟರ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನು ಕಟ್ಟುತ್ತಿದ್ದ ಶಾಲೆಯ ನಕ್ಷೆಗಳೆಲ್ಲ ಸೈಟಿನ ಶೆಡ್ಡಿನಿಂದ ಕಳುವಾಗಿದ್ದವು. ಮಧ್ಯಾಹ್ನ ಪಾಯಕ್ಕೆ ಕಾಂಕ್ರೀಟ್ ಹಾಕಬೇಕಿತ್ತು.

"ಬೇರೆ ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಏನೂ ಇಲ್ಲ ಸಾರ್. ಕಬ್ಬಿಣ, ಸಿಮೆಂಟು ಎಲ್ಲಾ ಹಾಗೇ ಇದೆ."

"ಬೀಗ?"

"ಹಾಕಿದ್ದು ಹಾಕಿದ ಹಾಗೇ ಇತ್ತು."

"ನಕ್ಷೆ ಮಾಡಿದ ಆಫೀಸಿಗೆ ಫೋನ್ ಮಾಡಿದ್ರಾ?"

"ಇಲ್ಲ, ಸೀದಾ ಇಲ್ಲಿಗೇ ಬಂದೆ."

"ಮಾಡ್ಬೇಡಿ."

ಎಫ್‌ಐಆರ್ ದಾಖಲಾಯಿತು. "ಕಾಗದ ಕದ್ದವನನ್ನ ಹಿಡಿಯೋಕೆ ಜೀಪು ಬೇರೆ ಕೇಡು," ಎಂದು ಹೆಡ್ ಕಾನ್‌ಸ್ಟೆಬಲ್ ಗೊಣಗುತ್ತಲೇ ಗಾಡಿ ಹತ್ತಿದರು. ಶೆಡ್ಡಿನಲ್ಲಿ ಪಂಚನಾಮೆ ಬರೆಯುವಾಗ ಅವರ ಗೊಣಗಾಟ ನಿಂತಿತು. ನಕ್ಷೆಗಳಿಗೆ ಚುಚ್ಚಿದ್ದ ಪಿನ್ನುಗಳನ್ನು ಕಳ್ಳ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿಟ್ಟಿದ್ದ. ಇಷ್ಟು ಅಚ್ಚುಕಟ್ಟಾದ ಕಳ್ಳನನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಶೆಡ್ಡಿನ ಇನ್ನೊಂದು ಕೀಲಿ ಇದ್ದದ್ದು ನಕ್ಷೆ ಮಾಡಿಕೊಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ.

ಆ ಆಫೀಸು ಒಬ್ಬ ಹೆಂಗಸಿನದು. ನಕ್ಷೆ ಅಚ್ಚು ಹಾಕುವ ಪ್ಲಾಟರ್ ನೋಡಿಕೊಳ್ಳುವವರು ಅವಳ ಸೋದರಮಾವ. ಚಿಕ್ಕಂದಿನಲ್ಲಿ ಅವಳ ಕೈಗೆ ಪೆನ್ಸಿಲ್ ಕೊಟ್ಟು ಗೆರೆ ಎಳೆಯಲು ಕಲಿಸಿದವರೂ ಅವರೇ. ಮಂಚದಷ್ಟು ಉದ್ದದ ಹೊಸ ಪ್ಲಾಟರ್ ಕಳೆದ ವಾರವಷ್ಟೇ ಬಂದಿತ್ತು. ಕಂಪನಿಯವನು ಬರಲಿ ಎಂದರೂ ಕೇಳದೆ, ಮಾವನೇ ಅದನ್ನು ಜೋಡಿಸಿ ಶುರು ಮಾಡಿದ್ದರು.

"ಸೈಟಿನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು," ಎಂದರು ಇನ್‌ಸ್ಪೆಕ್ಟರ್. ಅಷ್ಟೇ ಅಂದಿದ್ದು.

ಮಾವ ಎದ್ದು ಒಂದು ಸುರುಳಿ ಮುಂದೆ ಹಿಡಿದರು. "ಹೊಸ ಸೆಟ್ ರೆಡಿ ಇದೆ ಸಾರ್. ಕೆಲಸ ನಿಲ್ಲೋದು ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಅನ್ನುವುದಕ್ಕೂ ಮೊದಲೇ ಮುಟ್ಟಿಕೊಂಡಾಗಿತ್ತು.

"ಹಳೇದು ಹೋಗಿದೆ ಅಂತ ನಿಮಗ್ಯಾರು ಹೇಳಿದ್ರು?"

ಇನ್‌ಸ್ಪೆಕ್ಟರ್ ಸುರುಳಿ ಬಿಡಿಸಿ ಮೇಜಿನ ಮೇಲೆ ಹಾಸಿದರು. ಹಳೆಯ ನಕ್ಷೆಯ ಫೋಟೊ ಜೊತೆಗೆ ಬಂದಿದ್ದ ಕಂಟ್ರಾಕ್ಟರನ ಮೊಬೈಲಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಆರ್ಕಿಟೆಕ್ಟ್ ಸೋದರಸೊಸೆಯ ಮುಖ ಬಿಳಿಚಿಕೊಂಡಿತು. ಹೊಸದರಲ್ಲಿ ಮೆಟ್ಟಿಲ ಹಜಾರದ ಕೆಳಗೆ ಮೂರು ಪಿಲ್ಲರ್‌ಗಳಿದ್ದವು. ಹಳೆಯದರಲ್ಲಿ ಆ ಜಾಗ ಖಾಲಿ.

"ಆ ಪಿಲ್ಲರ್ ನಾನು ಆಮೇಲೆ ಸೇರಿಸಿದ್ದು, ಕೆಂಪು ಗೆರೇಲಿ," ಎಂದಳು. "ಕಂಪ್ಯೂಟರಿನಲ್ಲಿ ಕಾಣ್ತಿತ್ತಲ್ಲ ಮಾವ?"

"ಪ್ಲಾಟರಿಗೆ ಯಾವ ಬಣ್ಣದ ಗೆರೆ ಹೇಗೆ ಬರಬೇಕು ಅಂತ ಹೇಳಿಕೊಡಬೇಕು ಕಣಮ್ಮ. ಕೆಂಪಿನ ಮುಂದೆ ನಾನು ಬಿಳಿ ಅಂತ ಬಿಟ್ಟುಬಿಟ್ಟಿದ್ದೆ. ಬಿಳಿ ಕಾಗದದ ಮೇಲೆ ಬಿಳಿ ಗೆರೆ. ನಿನ್ನೆ ಸಂಜೆ ಗೊತ್ತಾಯ್ತು." ಅವರು ಸುರುಳಿಯ ಅಂಚು ಸರಿಮಾಡಿದರು. "ಹಳೇದನ್ನ ತಂದು, ಬೆಳಿಗ್ಗೆ ಹೊಸದು ಹಾಕೋಣ ಅಂತಿದ್ದೆ. ಇವರು ಅಷ್ಟರಲ್ಲೇ ಬಂದುಬಿಟ್ರು."

ಕದ್ದ ನಕ್ಷೆಗಳು, ಪ್ಲಾಟರಿನ ಕಾಗದ ಮುಗಿದ ರೋಲಿನ ರಟ್ಟಿನ ಕೊಳವೆಯೊಳಗೆ ಸಿಕ್ಕವು. ಹತ್ತೂವರೆಗೆ ಜಪ್ತಿಯಾಯಿತು, ಮಾವನ ಬಂಧನವೂ ಆಯಿತು. ಹೆಡ್ ಕಾನ್‌ಸ್ಟೆಬಲ್ ಮಾವನ ತೋಳು ಹಿಡಿಯಲಿಲ್ಲ, ಜೀಪಿನ ಬಾಗಿಲು ತೆರೆದು ಹಿಡಿದರು.

ಠಾಣೆಯಲ್ಲಿ ಸೊಸೆ ಜಾಮೀನಿಗೆ ಸಹಿ ಹಾಕುತ್ತಲೇ ಸಿಡುಕಿದಳು. "ಒಂದು ಮಾತು ಹೇಳೋದಲ್ವಾ? ಏನಾಗ್ತಿತ್ತು, ಎರಡು ಬೈತಿದ್ದೆ."

"ನೀನು ಬೈತಿರ್ಲಿಲ್ಲ. ‘ಪರವಾಗಿಲ್ಲ ಮಾವ, ಇನ್ಮೇಲೆ ಬೇರೆಯವರು ನೋಡ್ಕೋತಾರೆ, ನೀವು ರೆಸ್ಟ್ ತಗೊಳ್ಳಿ’ ಅಂತಿದ್ದೆ. ಅದಕ್ಕೇ ಹೆದರಿದೆ."

ಅವಳು ಪೆನ್ನು ಕೆಳಗಿಟ್ಟಳು. ಹಾಗೇ ಅನ್ನುತ್ತಿದ್ದಳು, ಅದು ಅವಳಿಗೂ ಗೊತ್ತಿತ್ತು. ಆ ಮೂರು ಪಿಲ್ಲರ್ ಇಲ್ಲದ ಮೆಟ್ಟಿಲ ಮೇಲೆ ಮಕ್ಕಳು ಓಡುವುದು ಆಫೀಸಿನಲ್ಲೇ ಅವಳ ಕಣ್ಣ ಮುಂದೆ ಬಂದಿತ್ತು. ಸದ್ಯ ಹಾಗಾಗಲಿಲ್ಲವಲ್ಲ ಎಂಬ ನೆಮ್ಮದಿಗೆ ಈಗ ಕಣ್ಣು ತುಂಬಿತು.

ಆಗ ಕಂಟ್ರಾಕ್ಟರ್ ಫೋನ್ ಮಾಡಿದ. ಕಾಂಕ್ರೀಟ್ ಲಾರಿಯನ್ನು ವಾಪಸ್ ಕಳಿಸಿ, ಮೂರು ಗುಂಡಿ ತೋಡಲು ಶುರು ಮಾಡಿದ್ದ. ಮಧ್ಯದ ಪಿಲ್ಲರಿನ ಅಳತೆ ಬೇಕಿತ್ತು.

ಅವಳು ಫೋನನ್ನು ಮಾವನ ಕೈಗೆ ಕೊಟ್ಟಳು. "ನೀವೇ ಹೇಳಿ."